ಎಲ್‌ಕೆಜಿ ಬಂತು, ಕಲಿಸುವವಳ ತರಬೇತಿ ಎಲ್ಲಿ?

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹೆಸರನ್ನು ಕರಾವಳಿಯ ನಮ್ಮ ಓದುಗರು ಕೇಳಿದ್ದರೆ ಅದು ಏತ ನೀರಾವರಿ ಯೋಜನೆಯ ಸುದ್ದಿಯಲ್ಲಿ ಮಾತ್ರ. ಆದರೆ ದಾವಣಗೆರೆ ಜಿಲ್ಲೆಯ ಈ ಭಾಗ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ನಮ್ಮ ಮನೆಗಳಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಆ ಧರ್ಮಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ್ದಾರೆ. ಆದ್ದರಿಂದ ಅಲ್ಲಿನ ಹೆಣ್ಣುಮಕ್ಕಳ ಪ್ರಶ್ನೆಯೊಂದನ್ನು ಇಲ್ಲಿ ಎತ್ತುವುದು ಅನುಚಿತವಾಗದು ಎಂದು ಭಾವಿಸುತ್ತೇವೆ.

ಇಂಥ ಹೋಬಳಿಯಲ್ಲಿ ಪಿಯುಸಿ ಮುಗಿಸಿದ ಹುಡುಗಿಗೆ ಮನೆಯವರು ಹೇಳುವ ದಾರಿಗಳು ನಾಲ್ಕೈದು: ಪದವಿ, ಡಿ.ಎಡ್., ನರ್ಸಿಂಗ್, ಇಲ್ಲವೇ ಮದುವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದನ್ನೂ ಒಂದು ವಿದ್ಯೆಯಾಗಿ ಕಾಲೇಜಿನಲ್ಲಿ ಕಲಿಯಬಹುದು ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಪಿಯುಸಿ ಆದವರಿಗೆ ಎರಡು ವರ್ಷದ ಪೂರ್ವಪ್ರಾಥಮಿಕ ಶಿಕ್ಷಣ ಡಿಪ್ಲೊಮಾವನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ ತನ್ನ 2014ರ ನಿಯಮಗಳಲ್ಲಿ ಸೇರಿಸಿದೆ. ಹೆಸರಿದೆ, ಪಠ್ಯಕ್ರಮವಿದೆ; ಹಳ್ಳಿಗೆ ಸುದ್ದಿ ತಲುಪಿಲ್ಲ.

ಇದೇ ವೇಳೆಗೆ ಬೇಡಿಕೆ ಏರುತ್ತಿದೆ. 2024-25ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ಮಕ್ಕಳು ತಮ್ಮ ಕೇಂದ್ರಗಳಿಂದ ಹೊರಟುಹೋಗುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಜೂನ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಮರುತಿಂಗಳೇ ಬೆಂಗಳೂರಿನ 250 ಅಂಗನವಾಡಿಗಳು 'ಸರ್ಕಾರಿ ಮಾಂಟೆಸರಿ'ಗಳಾದವು. ಫಲಕ ಬದಲಾಯಿತು. ಮಾಂಟೆಸರಿ ಎಂಬ ಹೆಸರಿನ ಹಿಂದೆ ಶಿಕ್ಷಕಿಯ ತರಬೇತಿಗೇ ಜೀವ ತೇದ ಮಹಿಳೆಯೊಬ್ಬರು ಇದ್ದರು. 1939ರಲ್ಲಿ ಮದರಾಸಿನ ಅಡಯಾರ್‌ಗೆ ಅವರು ಬಂದದ್ದೂ ಶಿಕ್ಷಕರಿಗೆ ತರಬೇತಿ ಕೊಡಲೆಂದೇ.

ಕಾರ್ಯಕರ್ತೆಯರನ್ನು ದೂರುವುದು ನಮ್ಮ ಉದ್ದೇಶವಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದ ಮಗುವಿನ ತೂಕ, ಪೌಷ್ಟಿಕ ಆಹಾರ, ಚುಚ್ಚುಮದ್ದು, ಗರ್ಭಿಣಿಯರ ಲೆಕ್ಕ ಎಲ್ಲವೂ ಅವರ ಹೆಗಲ ಮೇಲಿದೆ; ಈಗ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಕೂಡ. ಇವೆಲ್ಲ ಮುಗಿದ ಮೇಲೆ 'ಚಿಲಿಪಿಲಿ' ಪುಸ್ತಕ ತೆರೆಯಬೇಕು. ಇಷ್ಟಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅದು ಕಾರ್ಯಕರ್ತೆಯರಿಗೆ ತಿಂಗಳಿಗೆ 1,000 ರೂ., ಸಹಾಯಕಿಯರಿಗೆ 750 ರೂ. ಹೆಚ್ಚಿತು. ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಅಂದರೆ ಯೋಜನೆ ಶುರುವಾಗಿ 47 ವರ್ಷಗಳ ನಂತರ.

ಕಾರಣ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಒಂದನೇ ತರಗತಿಗೆ ಕಲಿಸಲು ಡಿ.ಎಡ್. ಬೇಕು, ಟಿಇಟಿ ಬೇಕು. ಅದೇ ಮಗು ಒಂದು ವರ್ಷ ಮೊದಲು ಕುಳಿತಿದ್ದ ತರಗತಿಗೆ ಆ ಕಾಯ್ದೆಯ ಕಟ್ಟು ಇಲ್ಲ. 2020ರ ರಾಷ್ಟ್ರೀಯ ನೀತಿ ಪಿಯುಸಿ ಆದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿತು. ಕರ್ನಾಟಕ ಆ ನೀತಿಯನ್ನು ಬದಿಗಿಟ್ಟು ತನ್ನದೇ ಆಯೋಗ ರಚಿಸಿತು, ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ನೀತಿ ಯಾರದ್ದಾದರೇನು, ಹೊನ್ನಾಳಿಯ ಹುಡುಗಿ ಬಸ್ಸು ಹತ್ತಿ ಹೋಗಬಹುದಾದ ದೂರದಲ್ಲಿ ಆ ತರಬೇತಿ ಇರಬೇಕಲ್ಲ!

ಇನ್ನು ನಮ್ಮ ಮನೆಯ ಮಾತು. ಬಯಲುಸೀಮೆಯಲ್ಲಿ ಇಂಗ್ಲಿಷ್ ನರ್ಸರಿ ಎಂದರೆ ಸಾಕು, ಅದು 'ಕಾನ್ವೆಂಟ್'. ಅಲ್ಲಿ ಒಬ್ಬ ಸಿಸ್ಟರ್ ಇಲ್ಲದಿದ್ದರೂ ಸರಿ. ಆ ಹೆಸರಿಗೆ ಬೆಲೆ ತಂದುಕೊಟ್ಟವರು ನಮ್ಮ ಭಗಿನಿಯರು. ಆದರೆ ನಮ್ಮ ಧರ್ಮಕೇಂದ್ರಗಳ ನರ್ಸರಿಗಳಲ್ಲೇ ಶಾಲೆಯ ಅತಿ ಕಡಿಮೆ ಸಂಬಳ ಯಾರಿಗೆ, ತರಬೇತಿ ಇಲ್ಲದೆ ಯಾರನ್ನು ನೇಮಿಸುತ್ತೇವೆ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾದೀತು. 'ಮಕ್ಕಳನ್ನು ಆಡಿಸಲು ಯಾರಾದರೂ ಸಾಕು' ಎಂಬ ಮಾತನ್ನು ಆಡಳಿತ ಮಂಡಳಿಯ ಸಭೆಗಳಲ್ಲಿ ನಾವೇ ಕೇಳಿದ್ದೇವೆ, ಸುಮ್ಮನೆ ಕುಳಿತೂ ಇದ್ದೇವೆ.

1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು, ಶಿಕ್ಷಕಿಯರನ್ನು ತಯಾರು ಮಾಡಿದರು, 1921ರಲ್ಲಿ ಸಂತ ಆ್ಯಗ್ನೆಸ್ ಕಾಲೇಜು ತೆರೆದರು. ಸರ್ಕಾರದ ಆದೇಶಕ್ಕೆ ಅವರು ಕಾಯಲಿಲ್ಲ. ಇಂದು ಕರಾವಳಿಯಲ್ಲಿ ನಮ್ಮ ಕಾಲೇಜುಗಳಿವೆ, ಹಾಸ್ಟೆಲುಗಳಿವೆ, ಅಭ್ಯಾಸ ಪಾಠಕ್ಕೆ ಪಕ್ಕದಲ್ಲೇ ನರ್ಸರಿಗಳಿವೆ. ಮಾನ್ಯತೆಯುಳ್ಳ ಎರಡು ವರ್ಷದ ಕೋರ್ಸಿಗೆ ವರ್ಷಕ್ಕೆ ಹತ್ತು ಹುಡುಗಿಯರನ್ನು ಘಟ್ಟದ ಮೇಲಿನಿಂದ, ಯಾವ ಜಾತಿ ಮತವೆಂದು ನೋಡದೆ, ಕರೆತರುವುದು ಅಸಾಧ್ಯವೇನಲ್ಲ. ಅವರು ಹಿಂದಿರುಗಿ ಅಂಗನವಾಡಿಗೇ ಸೇರಲಿ, ಕಾನ್ವೆಂಟಿಗೇ ಸೇರಲಿ. ಕನ್ನಡದಲ್ಲೇ ಕಲಿಸುವ ಕೋರ್ಸಾದರೆ ಇನ್ನೂ ಒಳ್ಳೆಯದು, ಏಕೆಂದರೆ ನಾಲ್ಕು ವರ್ಷದ ಮಗು ಅಳುವುದೂ ಕಥೆ ಕೇಳುವುದೂ ಮನೆಮಾತಿನಲ್ಲಿ.

ಶಿವಮೊಗ್ಗ ಧರ್ಮಪ್ರಾಂತ್ಯದವರೊಂದಿಗೆ ನಮ್ಮ ಶಿಕ್ಷಣ ಆಯೋಗ ಈ ಬಗ್ಗೆ ಒಮ್ಮೆ ಕುಳಿತು ಮಾತನಾಡಲಿ. ಮಾತುಕತೆ ಪಿಯುಸಿ ಫಲಿತಾಂಶಕ್ಕಿಂತ ಮೊದಲೇ ಆಗಲಿ. ಫಲಿತಾಂಶ ಬಂದ ವಾರದೊಳಗೆ ಅಲ್ಲಿನ ಮನೆಗಳಲ್ಲಿ ಹುಡುಗಿಯರ ಮುಂದಿನ ದಾರಿ ತೀರ್ಮಾನವಾಗಿರುತ್ತದೆ.