ರಂಗಮಂದಿರ ರಿಪೇರಿ ಸರಿ, ಆಮೇಲೆ ಬಾಗಿಲು ತೆಗೆಯೋರು ಯಾರು?

ದಾವಣಗೆರೆಯಲ್ಲಿ ಹಳೇ ಟಾಕೀಸು, ರಂಗಮಂದಿರ ಉಳಿಸೋ ಮಾತು ಬಂದರೆ ಸಾಕು, ‘ಸರ್ಕಾರ ಎಷ್ಟು ಕೋಟಿ ಕೊಡುತ್ತೆ?’ ಅನ್ನೋದೇ ಮೊದಲ ಪ್ರಶ್ನೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ. ರಿಪೇರಿ ಆದ ಮೇಲೆ ವರ್ಷದಲ್ಲಿ ಎಷ್ಟು ದಿನ ಬಾಗಿಲು ತೆರೆದಿರುತ್ತೆ? ಆ ಖರ್ಚು ಯಾರದ್ದು?

ಇದೇನು ನಾಟಕ ಗೊತ್ತಿಲ್ಲದ ಊರಲ್ಲ. ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದೇ. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ನಾಟಕ ಬದುಕಿದ್ದು ಮುಖ್ಯವಾಗಿ ಟಿಕೆಟ್ ದುಡ್ಡಿನಲ್ಲಿ. ಜನ ಬರೋವರೆಗೆ ಕ್ಯಾಂಪ್, ಕಲೆಕ್ಷನ್ ಬಿದ್ದರೆ ಮುಂದಿನ ಊರು. ದಿನಾ ಆಟ ನಡೆಸೋದೇ ಅವರ ಲೆಕ್ಕಾಚಾರ.

ನಮ್ಮ ಸರ್ಕಾರಿ ಲೆಕ್ಕ ಇದಕ್ಕೆ ಉಲ್ಟಾ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಯೋಜನೆಯ ಪ್ರಕಾರ ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ. ಆದರೆ ಇಂಥ ದುಡ್ಡು ಬರೋದು ಕಾಮಗಾರಿಗೆ. ಉದ್ಘಾಟನೆ ಮುಗಿದ ಮೇಲಿನ ಕರೆಂಟ್ ಬಿಲ್ಲು, ಲೈಟಿಂಗ್‌ನವರ ಸಂಬಳ, ಶೌಚಾಲಯದ ನೀರು ಯಾವ ಟೆಂಡರಿನಲ್ಲೂ ಇರಲ್ಲ.

ಬೆಂಗಳೂರಿನ ರಂಗಶಂಕರ ನೋಡಿ. ಜಾಗ ಸರ್ಕಾರದ್ದು, ದೇಣಿಗೆ ಎತ್ತಿ ಕಟ್ಟಿದ್ದು, ನಡೆಸುತ್ತಿರೋದು ಸಂಕೇತ್ ಟ್ರಸ್ಟ್. 2004ರಲ್ಲಿ ಶುರುವಾದಾಗಲೇ ದಿನಕ್ಕೊಂದು ನಾಟಕ ಅನ್ನೋ ಗುರಿ ಇತ್ತು. ‘ಅದು ಬೆಂಗಳೂರು, ದಾನಿಗಳು ಸಿಗ್ತಾರೆ’ ಅಂತೀರಾ? ಒಪ್ಪಿದೆ. ಆದರೆ ನಮಗೂ ಒಂದು ಬಲ ಇದೆ. ವೃತ್ತಿ ರಂಗಭೂಮಿಗೇ ಮೀಸಲಾದ ರಂಗಾಯಣ ದಾವಣಗೆರೆಗೆ ಸಿಕ್ಕಿದೆ. ಹರಿಹರ ಇರೋದು ಬರೀ 14 ಕಿ.ಮೀ. ದೂರದಲ್ಲಿ. ಊರ ನಡುವೆ ಒಂದು ಹಳೇ ಥಿಯೇಟರ್ ಸರಿಯಾದರೆ ಎರಡೂ ಊರಿನ ಪ್ರೇಕ್ಷಕರು ಬರಬಹುದು. ಆಟ ಮುಗಿದ ಮೇಲೆ ಹರಿಹರಕ್ಕೆ ಬಸ್ ಇರಬೇಕು, ಅಷ್ಟೇ.

ಹಾಗಾಗಿ ರಿಪೇರಿ ದುಡ್ಡಿಗೆ ಷರತ್ತು ಹಾಕಬೇಕು. ಐದು ವರ್ಷದ ನಿರ್ವಹಣಾ ಬಜೆಟ್ ಮೊದಲೇ ಬರೆದಿಡಲಿ. ವರ್ಷಕ್ಕೆ ಕನಿಷ್ಠ ಇಷ್ಟು ಪ್ರದರ್ಶನ ಅಂತ ನಿಗದಿಯಾಗಲಿ. ಸ್ಥಳೀಯ ತಂಡಗಳಿಗೆ ಬಾಡಿಗೆ ಕೈಗೆಟುಕುವಂತಿರಲಿ, ಖರ್ಚು-ವೆಚ್ಚ ಸಾರ್ವಜನಿಕವಾಗಲಿ. ಪಾಲಿಕೆಗೋ ನಗರಸಭೆಗೋ ವೋಟು ಕೇಳೋಕೆ ಬರೋರನ್ನ ‘ಎಷ್ಟು ಕೋಟಿ ತರ್ತೀರಿ?’ ಅಂತ ಕೇಳಬೇಡಿ. ‘ವರ್ಷಕ್ಕೆ ಎಷ್ಟು ಆಟ ಆಡಿಸ್ತೀರಿ?’ ಅಂತ ಕೇಳಿ.