ಅರಿಯದ ತಪ್ಪೂ ಅರಿಯಗೊಡದ ತಪ್ಪೂ

ಅಶ್ವಿನಿ ಅಕ್ಕುಂಜಿಯ ಹೆಸರೆತ್ತಿದೊಡನೆ ಈ ಸೀಮೆಯ ವಿದ್ಯಾವಂತರಲ್ಲಿ ಎರಡು ಬಗೆಯ ಮಾತುಗಳು ಹೊರಡುವುವು. “ನಾಡಿನ ಹೆಸರಿಗೆ ಕಳಂಕ ತಂದಳು” ಎಂಬುದು ಒಂದು. “ಪಾಪ, ಹಳ್ಳಿಯ ಹುಡುಗಿ, ಗುರು ಕೊಟ್ಟುದನ್ನು ತಿಂದಳು, ಅವಳಿಗೇನು ಗೊತ್ತು?” ಎಂಬುದು ಇನ್ನೊಂದು. ಮೊದಲನೆಯದು ಕಠೋರವಾಗಿಯೂ ಎರಡನೆಯದು ಕರುಣೆಯಾಗಿಯೂ ತೋರುವುದು. ವಿಚಾರಿಸಿ ನೋಡಿದರೆ ಎರಡೂ ಒಂದೇ ಬೇರಿನಿಂದ ಚಿಗುರಿದವು. ಮದ್ದು ಆಕೆಯ ಕೈಗೆ ಬಂದ ದಾರಿಯನ್ನು ಎರಡನೆಯ ಸಲ ಕೇಳಲಾರದ ಆಲಸ್ಯವೇ ಆ ಬೇರು.

ನಡೆದುದನ್ನು ಮೊದಲು ನೆನೆಯಬೇಕು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕುಂದಾಪುರ ತಾಲೂಕಿನ ಸಿದ್ದಾಪುರದ ಬಳಿಯ ಕೃಷಿಕರ ಮಗಳು ಅಶ್ವಿನಿ. 2010ರ ಅಕ್ಟೋಬರದಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 400 ಮೀಟರ್ ರಿಲೇ ಓಟದಲ್ಲಿ ಆಕೆಯ ತಂಡಕ್ಕೆ ಚಿನ್ನ ಬಂದಿತು. ನಾಲ್ವರಲ್ಲಿ ಒಬ್ಬೊಬ್ಬರೂ 400 ಮೀಟರ್ ಓಡುವ ಸ್ಪರ್ಧೆಯದು. ಮರುತಿಂಗಳು ಚೀನಾ ದೇಶದ ಗ್ವಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ರಿಲೇಯಲ್ಲಿ ಇನ್ನೊಂದು ಚಿನ್ನ, 400 ಮೀಟರ್ ಹರ್ಡಲ್ಸ್‌ನಲ್ಲಿ ಸ್ವಂತದ್ದೊಂದು ಚಿನ್ನ. ಎರಡು ತಿಂಗಳು ತುಂಬುವುದರೊಳಗೆ ಮೂರು ಪದಕಗಳು. ಊರೂರುಗಳಲ್ಲಿ ಸನ್ಮಾನ, ಮೆರವಣಿಗೆ. 2011ರಲ್ಲಿ ನಡೆದ ಪರೀಕ್ಷೆಯಲ್ಲಿ ಆಕೆಯ ಮೂತ್ರದಲ್ಲಿ ಮೆಥಾಂಡಿಯೆನೋನ್ ಎಂಬ ನಿಷಿದ್ಧ ಸ್ಟೀರಾಯ್ಡ್ ಕಂಡುಬಂದಿತು. ಆ ವರ್ಷ ಆಕೆಯೊಡನೆ ತರಬೇತು ಪಡೆಯುತ್ತಿದ್ದ ಬೇರೆ ಓಟಗಾರ್ತಿಯರೂ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರ ಯೂರಿ ಓಗೊರೊಡ್ನಿಕನು ಚೀನದಿಂದ ತಂದು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಗುಳಿಗೆಯಲ್ಲಿ ಅದು ಬೆರೆತಿದ್ದಿತೆಂದು ಅವರು ವಾದಿಸಿದರು. ನಾಡಾ ಸಂಸ್ಥೆಯ ವಿಚಾರಣಾ ಮಂಡಳಿಯು ಡಿಸೆಂಬರದಲ್ಲಿ ಈ ಮಾತನ್ನು ಬಹುಮಟ್ಟಿಗೆ ಒಪ್ಪಿ, ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ಮೇಲಿನ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಕರುಣೆಯ ಪಕ್ಷದವರು ಆ ತೀರ್ಪನ್ನು ಕ್ರೂರವೆನ್ನುವರು. ಅವರ ವಾದವು ನಿಲ್ಲುವಂತಹುದಲ್ಲ. ದೇಹದೊಳಗೆ ಇರುವುದಕ್ಕೆ ದೇಹದ ಒಡತಿಯೇ ಹೊಣೆಯೆಂಬುದು ಜಗತ್ತಿನ ಎಲ್ಲ ಓಟಗಾರರಿಗೂ ಸಮಾನವಾದ ನಿಯಮ. “ಅರಿಯದೆ ತಿಂದೆ” ಎಂಬ ಮಾತನ್ನು ಯಾವ ಪ್ರಮಾಣವೂ ಇಲ್ಲದೆ ಒಪ್ಪಿದರೆ ಅರಿತು ತಿಂದವರೆಲ್ಲರೂ ಅದನ್ನೇ ಹೇಳಿಯಾರು. ಪ್ರಾಮಾಣಿಕಳಾಗಿ ಓಡಿ ನಾಲ್ಕನೆಯವಳಾದವಳ ಗತಿಯೇನು? ಈ ನಿಯಮದ ಫಲವನ್ನು ಭಾರತವೂ ಉಂಡಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇಯಲ್ಲಿ ಬಹ್ರೇನ್ ಮೊದಲು, ಭಾರತ ಎರಡನೆಯದು. ಬಹ್ರೇನಿನ ಓಟಗಾರ್ತಿಯು ಮದ್ದು ಸೇವಿಸಿದುದು ಸಿದ್ಧವಾದ ಮೇಲೆ, 2020ರಲ್ಲಿ ಭಾರತದ ಬೆಳ್ಳಿಯು ಚಿನ್ನವಾಯಿತು. ಆ ತಂಡದಲ್ಲಿ ಮಂಗಳೂರಿನ ಎಂ. ಆರ್. ಪೂವಮ್ಮ ಇದ್ದರು. ಆಗ ಇಲ್ಲಿ ಯಾರೂ ನಿಯಮವನ್ನು ಕ್ರೂರವೆನ್ನಲಿಲ್ಲ. ಮರುವರ್ಷವೇ ಅದೇ ಪೂವಮ್ಮನವರ ಮಾದರಿಯಲ್ಲಿ ಮಿಥೈಲ್‌ಹೆಕ್ಸಾನಮೈನ್ ಎಂಬ ನಿಷಿದ್ಧ ಉತ್ತೇಜಕವು ಕಂಡುಬಂದಿತು. ಮೊದಲು ವಿಧಿಸಿದ ಮೂರು ತಿಂಗಳ ನಿಷೇಧವು ಮೇಲ್ಮನವಿಯಲ್ಲಿ, 2022ರಲ್ಲಿ, ಎರಡು ವರ್ಷವಾಯಿತು. ಚಿನ್ನ ತಂದುಕೊಟ್ಟ ನಿಯಮವು ದಂಡ ವಿಧಿಸಿದಾಗ ಅನ್ಯಾಯದ್ದಾಗಲಾರದು.

ಇನ್ನು ಕಳಂಕದ ಪಕ್ಷ. ಆಕೆಯನ್ನು ದೂಷಿಸುವವರಿಗೆ ಆಕೆಯ ಹೆಸರು ಚೆನ್ನಾಗಿ ನೆನಪಿದೆ. ಗುಳಿಗೆ ಕೊಟ್ಟವನ ಹೆಸರು ಎಷ್ಟು ಮಂದಿಗೆ ನೆನಪಿದೆ? ಸರಕಾರವು ಅವನನ್ನು ಕೆಲಸದಿಂದ ತೆಗೆಯಿತು. ಜನರ ಸಿಟ್ಟು ಅಲ್ಲಿಗೆ ತಣಿಯಿತು. ಮೆಥಾಂಡಿಯೆನೋನ್ ಮಾಂಸಖಂಡವನ್ನು ಬೆಳೆಯಿಸುವ, ಅಭ್ಯಾಸದ ದಣಿವನ್ನು ಬೇಗ ನೀಗಿಸುವ ವಸ್ತು. ಹೆಣ್ಣಿನಲ್ಲಿ ಧ್ವನಿಯನ್ನು ಒರಟಾಗಿಸುವ, ಮುಟ್ಟನ್ನು ಕೆಡಿಸುವ, ಯಕೃತ್ತಿಗೆ ಪೆಟ್ಟು ಕೊಡುವ ವಸ್ತು. ಇಂತಹುದು ಹೊಟ್ಟೆಗೆ ಹೋಗುವಾಗ ಹಾನಿ ಯಾರಿಗೆ, ಲಾಭ ಯಾರಿಗೆ? ಪದಕದ ಕೀರ್ತಿಯಲ್ಲಿ ತರಬೇತುದಾರನಿಗೂ ಸಂಘಗಳಿಗೂ ಸರಕಾರಕ್ಕೂ ಪಾಲುಂಟು. ಅಪಕೀರ್ತಿಯು ಮಾತ್ರ ಇಡಿಯಾಗಿ ಓಟಗಾರ್ತಿಯ ಪಾಲಿಗೆ.

ಹೀಗಾಗಲೇಬೇಕೆಂದೇನೂ ಇಲ್ಲ. ಪೂರ್ವ ಜರ್ಮನಿಯಲ್ಲಿ ಎಳೆಯ ಹುಡುಗಿಯರಿಗೆ ಜೀವಸತ್ತ್ವವೆಂದು ಹೇಳಿ ನೀಲಿ ಗುಳಿಗೆಗಳನ್ನು ತಿನ್ನಿಸಿದ್ದರು. ಆ ಗುಳಿಗೆಯ ವಸ್ತುವು ರಚನೆಯಲ್ಲಿ ಮೆಥಾಂಡಿಯೆನೋನ್‌ಗೆ ತೀರ ಸಮೀಪದ ಬಂಧು. ಆ ರಾಜ್ಯವು ಅಳಿದ ಮೇಲೆ, 2000ದಲ್ಲಿ, ಬರ್ಲಿನ್ನಿನ ನ್ಯಾಯಾಲಯವು ಅಲ್ಲಿಯ ಕ್ರೀಡಾಧಿಕಾರಿ ಮಾನ್‌ಫ್ರೆಡ್ ಏವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೋಪ್ನರ್ ಇಬ್ಬರನ್ನೂ ಅಪರಾಧಿಗಳೆಂದು ಸಾರಿತು. ಶಿಕ್ಷೆಯು ಅಮಾನತಿನಲ್ಲಿತ್ತೆಂಬುದು ನಿಜ. ಆದರೆ ತಿಂದವರನ್ನಲ್ಲ, ತಿನ್ನಿಸಿದವರನ್ನು ಕಟಕಟೆಗೆ ಏರಿಸಿದುದು ಸಣ್ಣ ಸಂಗತಿಯಲ್ಲ. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿಯೂ ಮದ್ದು ಕೊಡುವವನಿಗೆ ಆಜೀವ ನಿಷೇಧದವರೆಗೆ ಅವಕಾಶವಿದೆ. ಅದನ್ನು ಬಳಸುವ ಮನಸ್ಸು ಬೇಕು. ಬಳಸಬೇಕೆಂದು ಕೇಳುವ ಜನವೂ ಬೇಕು.

ಆದರೆ ಎಲ್ಲವನ್ನೂ ಅಧಿಕಾರಿಗಳ ತಲೆಗೆ ಕಟ್ಟಿ ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. “ಗುರು ಕೊಟ್ಟುದನ್ನು ತಿಂದಳು” ಎಂಬ ಮಾತಿನಲ್ಲಿ ಮರುಕವಷ್ಟೇ ಅಲ್ಲ, ಒಂದು ಮೆಚ್ಚುಗೆಯೂ ಅಡಗಿದೆ. ಎದುರುತ್ತರ ಕೊಡದ ಮಗು ಒಳ್ಳೆಯ ಮಗು. ಪ್ರಶ್ನೆ ಕೇಳಿದ ಶಿಷ್ಯ ಉದ್ಧಟ: ಇದು ಮನೆಯ ಜಗಲಿಯಿಂದ ಶಾಲೆಯ ಮೈದಾನದವರೆಗೆ ಕಲಿಸಿದ ಪಾಠ. ಹೀಗೆ ಬೆಳೆದ ಹುಡುಗಿಯು ತರಬೇತು ಶಿಬಿರದಲ್ಲಿ “ಇದರಲ್ಲಿ ಏನಿದೆ?” ಎಂದು ಕೇಳುವುದೆಂತು? ವಿಧೇಯತೆಯನ್ನು ಕಲಿಸಿ, ಅದರಿಂದಲೇ ಕೆಟ್ಟಾಗ ಮರುಗುವುದು ಎಂತಹ ಕರುಣೆ?

ಬೇಡವೆನ್ನುವ ಬಲವು ಈ ಮಣ್ಣಿಗೆ ಹೊಸತಲ್ಲ. 2020ರಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದಾಗ, ಕೆಲವೇ ದಿನಗಳಲ್ಲಿ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ ಶೆಟ್ಟರು ಅದನ್ನೂ ಮೀರಿಸಿದರೆಂದು ಮತ್ತೆ ಗದ್ದಲವೆದ್ದಿತು. ಕೇಂದ್ರದ ಮಂತ್ರಿಗಳೇ ಗೌಡರನ್ನು ಪರೀಕ್ಷಾ ಓಟಕ್ಕೆ ಕರೆಯಿಸಿದರು. ಕೋಣಗಳೊಡನೆ ಕೆಸರಿನಲ್ಲಿ ಓಡುವುದು ಬೇರೆ, ಟ್ರ್ಯಾಕಿನ ಮೇಲೆ ಓಡುವುದು ಬೇರೆ ಎಂದು ಗೌಡರು ಒಪ್ಪಲಿಲ್ಲ. ತನ್ನ ದೇಹದ ಅಳತೆಯನ್ನು ತಾನೇ ಬಲ್ಲವನ ಮಾತದು. ಅಂತಹ ಮಾತನ್ನಾಡುವ ಧೈರ್ಯವನ್ನು ಕ್ರೀಡಾ ವಸತಿನಿಲಯದ ಮಕ್ಕಳಿಗೆ ಯಾರು ಕಲಿಸುವರು?

ಇದು ಹಳೆಯ ಕಥೆಯೆಂದು ಉದಾಸೀನ ಮಾಡುವಂತಿಲ್ಲ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ ನೂರಕ್ಕೆ 3.8ರಷ್ಟು ದೋಷಯುಕ್ತವಾದುವು, ಹೆಚ್ಚು ಪರೀಕ್ಷೆ ನಡೆಸುವ ರಾಷ್ಟ್ರಗಳಲ್ಲಿ ಇದು ಅತ್ಯಂತ ಕೆಟ್ಟ ಲೆಕ್ಕ. ಅದೇ ವರ್ಷ ದೆಹಲಿಯ ರಾಜ್ಯ ಕ್ರೀಡಾಕೂಟಕ್ಕೆ ಪರೀಕ್ಷಕರು ಬಂದರೆಂದು ತಿಳಿದೊಡನೆ ಸ್ಪರ್ಧಿಗಳು ಚದುರಿದರು. ಪುರುಷರ 100 ಮೀಟರ್ ಅಂತಿಮ ಓಟದಲ್ಲಿ ಓಡಿದವನು ಒಬ್ಬನೇ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು 2020ರ ಜನವರಿಯಲ್ಲಿ ತನ್ನ ಸ್ವರಾಜ್ಯ ಮೈದಾನದಲ್ಲಿ ನಡೆಯಿಸಿದ ಮೂಡುಬಿದಿರೆಗೆ ಈ ಮಾತು ದೂರದ ಮಾತಾಗಲಾರದು.

ಆದಕಾರಣ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತಂದೆತಾಯಂದಿರು ಮಕ್ಕಳನ್ನು ಮೈದಾನಕ್ಕೆ ಒಪ್ಪಿಸುವಾಗ ಶುಲ್ಕವನ್ನೂ ಊಟವನ್ನೂ ವಿಚಾರಿಸಿದರೆ ಸಾಲದು. ಮಗುವಿಗೆ ಕೊಡುವ ಪುಡಿ ಯಾವುದು, ಗುಳಿಗೆ ಯಾವುದು, ವೈದ್ಯನ ಬರಹವಿದೆಯೆ ಎಂದು ಕೇಳಬೇಕು. ಕೇಳಿದುದನ್ನು ಅವಿನಯವೆಂದು ಬಗೆಯುವ ತರಬೇತುದಾರನಿಂದ ಮಗುವನ್ನು ಬಿಡಿಸಿಕೊಳ್ಳಬೇಕು. ಸಂಸ್ಥೆಗಳು ಪದಕಗಳ ಪಟ್ಟಿಯನ್ನು ಗೋಡೆಗೆ ತೂಗುಹಾಕುವಂತೆ ನಿಷಿದ್ಧ ವಸ್ತುಗಳ ಪಟ್ಟಿಯನ್ನೂ ಕನ್ನಡದಲ್ಲಿ ಬರೆಯಿಸಿ ತೂಗುಹಾಕಬೇಕು. ಮಕ್ಕಳಿಗೆ ಓಡುವುದನ್ನು ಕಲಿಸುವ ದಿನವೇ ಕೇಳುವುದನ್ನೂ ಕಲಿಸಬೇಕು. ಇಷ್ಟನ್ನು ಮಾಡದೆ ಸಿಕ್ಕಿಬಿದ್ದವಳನ್ನು ಹಳಿಯುವವರಿಗೂ ಆಕೆಗಾಗಿ ಕಣ್ಣೀರಿಡುವವರಿಗೂ ಆಕೆಯ ಪದಕದಲ್ಲಿ ಹೆಮ್ಮೆಪಡುವ ಹಕ್ಕು ಇರಲಿಲ್ಲವೆಂದೇ ಹೇಳಬೇಕಾಗುವುದು.