ಅಚ್ಚು ಎಲ್ಲಿದೆ ಆಯಿ?

ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಅಂತ ಜೇವರ್ಗಿಗೆ ಹೋಗಿದ್ವಿ. ಅವ್ವ ಹಿಂದಿನ ದಿನವೇ ಹೊಲದಿಂದ ಎರೆಮಣ್ಣು ತರಿಸಿ, ಹರಳು-ಕಸ ಆರಿಸಿ ನೆನೆಸಿಟ್ಟಿದ್ದಳು. ಒಂದು ಮುದ್ದೆ ತೆಗೆದು ನನ್ನ ಏಳು ವರ್ಷದ ಮಗಳ ಕೈಗಿಟ್ಟು "ತಗೋ ಯವ್ವಾ, ಎತ್ತು ಮಾಡು" ಅಂದಳು. ಮಗಳು ಅತ್ತಿತ್ತ ನೋಡಿ ಕೇಳಿದ್ದು ಒಂದೇ ಮಾತು: "ಅಚ್ಚು ಎಲ್ಲಿದೆ ಆಯಿ?"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಅಚ್ಚು ಕೊಡಿಸಿದವನು ನಾನೇ ತಾನೆ! ಬೆಂಗಳೂರಿನ ಮನೆಯಲ್ಲಿ ಅವಳ ಹತ್ರ ಬಣ್ಣಬಣ್ಣದ ಕ್ಲೇ ಡಬ್ಬಿಗಳಿವೆ, ಜೊತೆಗೆ ಒಂದು ಚೀಲ ಪ್ಲಾಸ್ಟಿಕ್ ಅಚ್ಚು. ಒತ್ತಿದರೆ ಮೀನು, ಒತ್ತಿದರೆ ನಕ್ಷತ್ರ. ಎರಡೇ ನಿಮಿಷ, ಆಮೇಲೆ "ಬೋರು".

ಕ್ಲೇ ಮೇಲೆ ನನಗೇನೂ ಸಿಟ್ಟಿಲ್ಲ. ಪ್ಲಾಸ್ಟಿಸಿನ್ ಮಾಡಿದ್ದು ಇಂಗ್ಲೆಂಡಿನ ಬಾತ್ ಊರಿನ ಚಿತ್ರಕಲೆ ಮೇಷ್ಟ್ರು ವಿಲಿಯಂ ಹಾರ್ಬಟ್, 1897ರಲ್ಲಿ. ತನ್ನ ವಿದ್ಯಾರ್ಥಿಗಳಿಗೆ ಬೇಗ ಒಣಗದ ಮಣ್ಣು ಬೇಕು ಅನ್ನೋದಷ್ಟೇ ಅವನ ಚಿಂತೆ. ಪ್ಲೇ-ಡೋ ಕತೆ ಇನ್ನೂ ಮಜಾ. ಅದು ಮೊದಲು ಅಮೆರಿಕದಲ್ಲಿ ಗೋಡೆಕಾಗದಕ್ಕೆ ಹತ್ತಿದ ಕಲ್ಲಿದ್ದಲ ಮಸಿ ಒರೆಸುವ ಹಿಟ್ಟಾಗಿತ್ತು. ಕಲ್ಲಿದ್ದಲ ಒಲೆಗಳು ಹೋದವು, ಹಿಟ್ಟಿಗೆ ಗಿರಾಕಿ ಇಲ್ಲದಾಯ್ತು. ಶಿಶುವಿಹಾರದ ಟೀಚರ್ ಒಬ್ಬರು ಅದನ್ನ ಮಕ್ಕಳ ಕೈಗೆ ಕೊಟ್ಟು ನೋಡಿದರು, 1956ರ ಹೊತ್ತಿಗೆ ಅದೇ ಆಟಿಕೆಯಾಯ್ತು. ಎರಡೂ ಮೂಲದಲ್ಲಿ ಬರೀ ಮುದ್ದೆ.

ನಮ್ಮ ಕಡೆಯೂ ಮುದ್ದೆಯೇ. ಜ್ಯೇಷ್ಠದ ಅಮಾವಾಸ್ಯೆಗೆ ಜೋಡೆತ್ತು, ಅದರ ಮುಂದೆ ಗ್ವಾದಲಿ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕೂತು ಬರುವ ಜೋಕುಮಾರ. ಎರೆಮಣ್ಣು ಒಣಗಿದರೆ ಬಿರಿಯುತ್ತೆ ಅಂತ ಅಪ್ಪ ಒಂದಿಷ್ಟು ಹತ್ತಿ ಸೇರಿಸಿ ನಾದುತ್ತಿದ್ದ. ಕಾಲೊಳಗೆ ಜೋಳದ ದಂಟಿನ ಚೂರು, ಕಣ್ಣಿಗೆ ಜೋಳದ ಕಾಳು. ನಮ್ಮ ಎಡಗಡೆಯ ಎತ್ತಿಗೆ ಒಂದು ಕೋಡು ಸ್ವಲ್ಪ ಕೆಳಗೆ ಬಾಗಿತ್ತು. ಅಪ್ಪನ ಮಣ್ಣೆತ್ತಿಗೂ ಅಷ್ಟೇ ಬಾಗಿರುತ್ತಿತ್ತು!

ನಾನು ಹೇಳಬೇಕಂತಿರೋದು ಇಷ್ಟೇ. ಮಣ್ಣಲ್ಲಿ ಏನಾದರೂ ಮಾಡೋದು ಅಂದರೆ ಮೊದಲು ಅದನ್ನ ನೋಡೋದು. ಹಿಣಿಲು ಎಲ್ಲಿ ಶುರುವಾಗುತ್ತೆ, ಕಾಲು ಎಲ್ಲಿ ಮಡಚುತ್ತೆ ಅಂತ ಗಮನಿಸದೆ ಕೈ ಮುಂದೆ ಹೋಗಲ್ಲ. ಅಚ್ಚು ಈ ನೋಡುವ ಕೆಲಸವನ್ನೇ ಕಿತ್ತುಕೊಳ್ಳುತ್ತೆ. ಈಗ ಅಂಗಡಿಯಲ್ಲಿ ಸಿಗುವ ಬಣ್ಣ ಹಚ್ಚಿದ ರೆಡಿಮೇಡ್ ಎತ್ತುಗಳದ್ದೂ ಅದೇ ಕತೆ. ಎಲ್ಲರ ಮನೆಯಲ್ಲೂ ಒಂದೇ ಎತ್ತು, ಯಾರ ಮನೆಯದ್ದೂ ಅಲ್ಲ.

"ಫ್ಲಾಟಲ್ಲಿ ಎರೆಮಣ್ಣು ಎಲ್ಲಿಂದ ತರೋಣ ಮಾರಾಯ?" ಅಂತೀರಾ? ಬೇಡ ಬಿಡಿ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಚಿಟಿಕೆ ಅರಿಶಿನ. ನೀರು ಸ್ವಲ್ಪಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಲವು ದಿನ ಬರುತ್ತೆ. ಅಂಗಡಿ ಕ್ಲೇನೇ ತಂದರೂ ಸರಿ, ಅಚ್ಚಿನ ಚೀಲವನ್ನು ಮಾತ್ರ ಅಟ್ಟಕ್ಕೆ ಹಾಕಿ.

ಅಂದು ಮಗಳು ಮಾಡಿದ ಮೊದಲ ಎತ್ತು ಥೇಟ್ ನಾಯಿ :) ಅವ್ವ ಬೈಯಲಿಲ್ಲ, "ಹೋಗಿ ನೋಡಿ ಬಾ" ಅಂತ ಪಕ್ಕದ ಮನೆ ಕೊಟ್ಟಿಗೆಗೆ ಕಳಿಸಿದಳು. ಅರ್ಧ ಗಂಟೆ ಬಿಟ್ಟು ಬಂದವಳು ಏನೂ ಮಾತಾಡದೆ ಕೂತು ಹಿಣಿಲು ಇಟ್ಟಳು, ಕತ್ತಿನ ಕೆಳಗೆ ಜೋಲುವ ಚರ್ಮವನ್ನೂ ಇಟ್ಟಳು. ಅದು ನನಗೇ ಮರೆತುಹೋಗಿತ್ತು.

ಅಪ್ಪ ಈಗಿಲ್ಲ. ನಮ್ಮ ಜೋಡಿ ಮಾರಿ ಹನ್ನೆರಡು ವರ್ಷ ಆಯ್ತು, ಹೊಲಕ್ಕೆ ಈಗ ಬಾಡಿಗೆ ಟ್ರ್ಯಾಕ್ಟರ್. ಆದರೆ ಸಂಜೆ ಪೂಜೆಗೆ ಕೂತಾಗ ನೋಡಿದೆ, ಅವ್ವ ಮಾಡಿದ ಎಡಗಡೆಯ ಎತ್ತಿನ ಒಂದು ಕೋಡು ಸ್ವಲ್ಪ ಕೆಳಗೆ ಬಾಗಿತ್ತು.

ನಿಮ್ಮ ಕಡೆ ಮಕ್ಕಳು ಮಣ್ಣಲ್ಲಿ ಏನು ಮಾಡ್ತಾರೆ? ಹೇಳಿ.